ಬೋರ್ಡಿನಲ್ಲಿರುವ ಮಿಸ್, ಬೋರ್ಡಿನಲ್ಲಿಲ್ಲದ ಆಯಾ

ದೀಪಾವಳಿ ಮುಗಿಯುತ್ತಿದ್ದಂತೆ ಬೆಂಗಳೂರಿನ ಬಡಾವಣೆಗಳಲ್ಲಿ ‘ಅಡ್ಮಿಷನ್ ಓಪನ್’ ಬ್ಯಾನರ್‌ಗಳು ಏಳುತ್ತವೆ. ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೂ ನೋಟ ಹೆಚ್ಚುಕಮ್ಮಿ ಒಂದೇ: ಎರಡಂತಸ್ತಿನ ಬಾಡಿಗೆ ಮನೆ, ಬಣ್ಣ ಬಳಿದ ಕಾಂಪೌಂಡು, ಮನೆಯವರ ಕಾರು ನಿಲ್ಲುತ್ತಿದ್ದ ಜಾಗದಲ್ಲೊಂದು ಪ್ಲಾಸ್ಟಿಕ್ ಜಾರುಬಂಡೆ. ವಿಚಾರಿಸಲು ಬಂದ ಅಪ್ಪ ಅಮ್ಮಂದಿರನ್ನು ಕೂರಿಸುವ ಕೋಣೆಯ ಗೋಡೆಯಲ್ಲಿ ಶಿಕ್ಷಕಿಯರ ಫೋಟೊಗಳ ಬೋರ್ಡು ಇರುತ್ತದೆ. ಹೆಸರು, ಓದು, ಅನುಭವ, ಕೊನೆಗೆ ಹವ್ಯಾಸ. ಒಬ್ಬರಿಗೆ ಪ್ರವಾಸ, ಇನ್ನೊಬ್ಬರಿಗೆ ಬೇಕಿಂಗ್, ಮತ್ತೊಬ್ಬರಿಗೆ ಭರತನಾಟ್ಯ. ‘ಮಕ್ಕಳೆಂದರೆ ಪ್ರಾಣ’ ಎಂಬ ಸಾಲು ಮಾತ್ರ ಎಲ್ಲರ ಕೆಳಗೂ.

ಎರಡೂವರೆ ವರ್ಷದ ಮಗುವನ್ನು ದಿನಕ್ಕೆ ಮೂರು ಗಂಟೆ ಅಪರಿಚಿತರ ಕೈಗೆ ಒಪ್ಪಿಸಲು ಹೊರಟವರು ಆ ಬೋರ್ಡನ್ನು ಗಮನವಿಟ್ಟು ಓದುವುದು ಸಹಜ. ಆದರೆ ಡಿಗ್ರಿ, ಹವ್ಯಾಸ ಎಂಬ ಆ ಎರಡು ಸಾಲುಗಳಿಂದ ಮಗುವಿನ ದಿನ ಹೇಗಿರುತ್ತದೆ ಎಂದು ಊಹಿಸುವುದು ಕಷ್ಟ. ಈ ಮಿಸ್ ಇದೇ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ಅವರ ಕೋಣೆಯಲ್ಲಿ ಎಷ್ಟು ಮಕ್ಕಳು, ನಾಳಿನ ತಯಾರಿಗೆ ಅವರಿಗೆ ಯಾವಾಗ ಬಿಡುವು ಎಂಬುದನ್ನು ಬೋರ್ಡು ಹೇಳುವುದಿಲ್ಲ. ಮಿಸ್‌ನ ಹಿನ್ನೆಲೆಯೂ ಆಸಕ್ತಿಯೂ ಮಗುವಿಗೆ ದಕ್ಕುತ್ತದೋ ಇಲ್ಲವೋ ಎಂಬುದು ಇವುಗಳ ಮೇಲೇ ನಿಂತಿದೆ.

ಮೊದಲು, ಈ ಮಿಸ್‌ಗಳು ಯಾರು?

ಬೆಂಗಳೂರಿನ ಯಾವ ಪ್ರಿಸ್ಕೂಲಿಗೆ ಹೋದರೂ ನಾಲ್ಕೈದು ಬಗೆಯವರು ಸಿಗುತ್ತಾರೆ. ಬಿ.ಕಾಂ. ಓದಿ, ಮದುವೆಯಾಗಿ, ತಮ್ಮ ಮಕ್ಕಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಮನೆಯಿಂದ ಹೊರಬಂದವರು. ಹೆರಿಗೆಯ ಹೊತ್ತಿಗೆ ಐಟಿ ಕೆಲಸ ಬಿಟ್ಟು, ಆಮೇಲೆ ಆ ದಿಕ್ಕಿಗೆ ಮರಳಲಾಗದ ಇಂಜಿನಿಯರುಗಳು. ಗಂಡನ ಕೆಲಸಕ್ಕಾಗಿ ಲಖನೌ, ಕಟಕ್, ಕೊಯಮತ್ತೂರುಗಳಿಂದ ಬಂದವರು. ತುಮಕೂರು, ಕೋಲಾರ, ರಾಮನಗರದ ಕಡೆಯಿಂದ ಡಿ.ಎಡ್. ಮುಗಿಸಿಕೊಂಡು ಬಂದು, ಸರ್ಕಾರಿ ನೇಮಕಾತಿಯ ದಾರಿ ಕಾಯುತ್ತಾ ಪಿಜಿಯಲ್ಲಿರುವ ಹುಡುಗಿಯರು. ಇವರ ನಡುವೆ, ಚಿಕ್ಕ ಮಕ್ಕಳ ಶಿಕ್ಷಣವನ್ನೇ ಓದಿ ಅದನ್ನೇ ವೃತ್ತಿ ಮಾಡಿಕೊಂಡವರು ಅಲ್ಲೊಬ್ಬರು ಇಲ್ಲೊಬ್ಬರು.

ಅವರು ಈ ಕೆಲಸಕ್ಕೆ ಬರುವುದರ ಹಿಂದೆ ಮಕ್ಕಳ ಮೇಲಿನ ಪ್ರೀತಿ ಇಲ್ಲವೆಂದಲ್ಲ. ಅದರ ಜೊತೆಗೆ ಬೇರೆ ಲೆಕ್ಕಗಳೂ ಇವೆ. ಶಾಲೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ತಮ್ಮ ಮಗು ಮನೆಗೆ ಬರುವ ಹೊತ್ತಿಗೆ ತಾವೂ ಬಂದಿರಬಹುದು. ಕೆಲವು ಕಡೆ ಸ್ವಂತ ಮಗುವಿನ ಫೀಸಿನಲ್ಲಿ ರಿಯಾಯಿತಿ ಸಿಗುತ್ತದೆ. ಸಂಬಳ ಮಾತ್ರ ಈ ಲೆಕ್ಕದಲ್ಲಿ ಕೊನೆಯದು. ಎಷ್ಟೋ ಸಣ್ಣ ಪ್ರಿಸ್ಕೂಲುಗಳಲ್ಲಿ ಡಿಗ್ರಿ ಆದವರಿಗೂ ಸಿಗುವುದು ಅದೇ ರಸ್ತೆಯ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ಸಂಬಳದ ಆಸುಪಾಸು. ಬೇಸಿಗೆ ರಜೆಯ ಸಂಬಳ ಕೊಡದ ಕಡೆಗಳೂ ಇವೆ. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಸಿಗುವ ಇಡಿಗಂಟು, ಸಲ್ಲಬೇಕೆಂದು ಸುಪ್ರೀಂ ಕೋರ್ಟು 2022ರ ಆಗಸ್ಟಿನಲ್ಲಿ ಎತ್ತಿಹಿಡಿದಿದೆ. ಆದರೆ ಗ್ರಾಚುಟಿಗೆ ಸಾಮಾನ್ಯವಾಗಿ ಐದು ವರ್ಷ ಒಂದೇ ಕಡೆ ಇರಬೇಕು. ಎರಡನೇ ವರ್ಷಕ್ಕೇ ಜಾಗ ಬದಲಿಸುವವರಿಗೆ ಆ ತೀರ್ಪಿನಿಂದ ಆಗುವುದೇನು?

ಕಾಗದದ ಮೇಲಿನ ನಿಯಮ ಬಿಗಿಯಾಗಿಯೇ ಇದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಪ್ರಿಸ್ಕೂಲ್ ಶಿಕ್ಷಕಿಗೆ ಪಿಯುಸಿಯಲ್ಲಿ ಶೇ 50 ಅಂಕ, ಜೊತೆಗೆ ಕನಿಷ್ಠ ಎರಡು ವರ್ಷದ ಶಾಲಾಪೂರ್ವ ಶಿಕ್ಷಣ ಡಿಪ್ಲೊಮಾ ಅಥವಾ ನರ್ಸರಿ ಬಿ.ಎಡ್. ಇರಬೇಕು. ಬಾಡಿಗೆ ಮನೆಯ ಪ್ರಿಸ್ಕೂಲಿನಲ್ಲಿ ಇದನ್ನು ಹುಡುಕಿದರೆ ಸಿಗುವುದು ಆರು ತಿಂಗಳ ಎನ್‌ಟಿಟಿ (ನರ್ಸರಿ ಶಿಕ್ಷಕಿಯರ ತರಬೇತಿ), ವಾರಾಂತ್ಯದ ಕೋರ್ಸು, ಆನ್‌ಲೈನ್ ಸರ್ಟಿಫಿಕೇಟು. ಶಿಕ್ಷಣ ಹಕ್ಕು ಕಾಯ್ದೆ ಕಡ್ಡಾಯ ಮಾಡಿರುವುದು 6ರಿಂದ 14 ವರ್ಷದವರ ಶಿಕ್ಷಣವನ್ನು. ಆರಕ್ಕೆ ಮುಂಚಿನ ಮಕ್ಕಳಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು ಎಂದಷ್ಟೇ ಅದರ 11ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಒಂದನೇ ಕ್ಲಾಸಿನ ಟೀಚರಿಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕು, ಅದೇ ಕಾಂಪೌಂಡಿನ ಎಲ್‌ಕೆಜಿ ಮಿಸ್‌ಗೆ ಇಂಗ್ಲಿಷ್ ಬಂದರೆ ಸಾಕು ಎಂಬ ಸ್ಥಿತಿ. ಎರಡನೆಯದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ಇಂಟರ್‌ವ್ಯೂನಲ್ಲಿ ಮೊದಲು ನೋಡುವುದು ಅದನ್ನೇ.

ಮಾಂಟೆಸ್ಸರಿ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಮಗು ಸಲಕರಣೆಗಳ ಜೊತೆ ತಾನಾಗಿ ಕಲಿಯುವ ಈ ಪದ್ಧತಿಯನ್ನು ರೂಪಿಸಿದ ಇಟಲಿಯ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಇಲ್ಲೇ ಕಳೆದು, ಈ ದೇಶದ ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆ ಪರಂಪರೆಯ ಗಂಭೀರ ತರಬೇತಿ ಕೇಂದ್ರಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ. ಅಲ್ಲಿ ಕಲಿತವರು ಪ್ರತಿ ಸಲಕರಣೆಯನ್ನೂ ಕೈಯಾರೆ ಬಳಸಿ, ಅದರ ಟಿಪ್ಪಣಿಗಳ ಆಲ್ಬಂ ಬರೆದು, ಮೂಲೆಯಲ್ಲಿ ಕೂತು ಮಕ್ಕಳನ್ನು ಸುಮ್ಮನೆ ಗಮನಿಸುವ ಅಭ್ಯಾಸ ಮಾಡಿರುತ್ತಾರೆ. ಆದರೆ ಈ ಹೆಸರಿಗೆ ವಾರಸುದಾರರಿಲ್ಲ, ಯಾರು ಬೇಕಾದರೂ ಬೋರ್ಡಿಗೆ ಬರೆಸಿಕೊಳ್ಳಬಹುದು. ಮಾಂಟೆಸ್ಸರಿ ಎಂದು ಬರೆಸಿಕೊಂಡ ಶಾಲೆಯಲ್ಲಿ ಮಕ್ಕಳೆಲ್ಲ ಸಾಲಾಗಿ ಕೂತು ಒಂದೇ ವರ್ಕ್‌ಶೀಟಿಗೆ ಬಣ್ಣ ತುಂಬುತ್ತಿದ್ದರೆ ಅದು ಬರೀ ಬೋರ್ಡು.

ಹಾಗಾದರೆ ಡಿಗ್ರಿ, ಡಿಪ್ಲೊಮಾ ಇದ್ದರೆ ಸಾಕೇ? ಉತ್ತರ ಅಷ್ಟು ಸಲೀಸಿಲ್ಲ. ಅಮೆರಿಕದಲ್ಲಿ ಪ್ರಿಸ್ಕೂಲ್ ಕುರಿತು ನಡೆದ ಏಳು ದೊಡ್ಡ ಅಧ್ಯಯನಗಳ ಮಾಹಿತಿಯನ್ನು ಸಂಶೋಧಕರು 2007ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಶಿಕ್ಷಕಿಯ ಪದವಿಗೂ ತರಗತಿಯ ಗುಣಮಟ್ಟಕ್ಕೂ ಮಕ್ಕಳ ಕಲಿಕೆಗೂ ನಿಚ್ಚಳವಾದ ನಂಟು ಕಾಣಲಿಲ್ಲ. ಇದನ್ನು ಹಿಡಿದುಕೊಂಡು ‘ತರಬೇತಿಯೇ ಬೇಡ’ ಎನ್ನುವ ಶಾಲಾ ಮಾಲೀಕರು ಇರಬಹುದು, ಆದರೆ ಅಧ್ಯಯನದ ತಾತ್ಪರ್ಯ ಅದಲ್ಲ. ಪದವಿಯೊಂದೇ ಸಾಲದು, ಅದು ಕೆಲಸಕ್ಕೆ ಬರುವಂಥ ಪರಿಸ್ಥಿತಿಯೂ ಬೇಕು ಎಂಬುದು ಅದರಿಂದ ಹೊರಡುವ ಅರ್ಥ.

ನಮ್ಮ ಪ್ರಿಸ್ಕೂಲುಗಳ ಬ್ರೋಷರುಗಳಿಗೆ ಪ್ರಿಯವಾದ ಇನ್ನೊಂದು ವಾದವನ್ನು ನೋಡಿ: ಚಿಕ್ಕಂದಿನಲ್ಲಿ ಹಾಕಿದ ದುಡ್ಡು ಮುಂದೆ ಹಲವು ಪಟ್ಟಾಗಿ ಮರಳುತ್ತದೆ. ಇದಕ್ಕೆ ಆಧಾರವಾಗಿ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಹೆಸರು ಬರುತ್ತದೆ. ಹೆಕ್ಮನ್ ಲೆಕ್ಕ ಹಾಕಿದ ಪ್ರಸಿದ್ಧ ಪ್ರಯೋಗ ಅಮೆರಿಕದ ಮಿಷಿಗನ್‌ನಲ್ಲಿ 1962ರಿಂದ 1967ರವರೆಗೆ ನಡೆದ ಪೆರ‍್ರಿ ಪ್ರಿಸ್ಕೂಲಿನದು. ಅಲ್ಲಿ ಸುಮಾರು ಆರು ಮಕ್ಕಳಿಗೆ ಒಬ್ಬ ಶಿಕ್ಷಕಿ. ಎಲ್ಲರೂ ಪದವಿ, ತರಬೇತಿ ಎರಡೂ ಇದ್ದವರು. ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೂ ಹೋಗಿ ತಾಯಿಯ ಜೊತೆ ಕೂತು ಬರುತ್ತಿದ್ದರು. ನಮ್ಮಲ್ಲಿ 2013ರ ರಾಷ್ಟ್ರೀಯ ನೀತಿಯೇ 3ರಿಂದ 6 ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರು, ಮೂರಕ್ಕಿಂತ ಚಿಕ್ಕವರಾದರೆ ಹತ್ತಕ್ಕೆ ಒಬ್ಬರು ಎನ್ನುತ್ತದೆ. ಬ್ರೋಷರು ಲಾಭದ ಲೆಕ್ಕವನ್ನು ಎತ್ತಿಕೊಂಡು, ಆ ಲಾಭ ಬಂದ ಬಗೆಯನ್ನು ಅಲ್ಲೇ ಬಿಟ್ಟುಬಿಡುತ್ತದೆ.

ಇನ್ನು ಹವ್ಯಾಸದ ಸಾಲು. ಇದನ್ನು ಅಲಂಕಾರವೆಂದು ತಳ್ಳಿಹಾಕುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಚಿಕ್ಕ ಮಕ್ಕಳಿಗೆ ಪಾಠದ ಪುಸ್ತಕವೇ ಇಲ್ಲದಿರುವಾಗ ದೊಡ್ಡವರ ನಿಜವಾದ ಆಸಕ್ತಿಯೇ ಅರ್ಧ ಪಠ್ಯ. ಇಟಲಿಯ ರೆಜಿಯೊ ಎಮಿಲಿಯಾ ಪಟ್ಟಣದಲ್ಲಿ 1963ರಲ್ಲಿ ಪುರಸಭೆಯೇ ಶಿಶುಶಾಲೆ ತೆರೆಯಿತು. ಅಲ್ಲಿನ ಶಾಲೆಗಳಲ್ಲಿ ಶಿಕ್ಷಣತಜ್ಞ ಲೋರಿಸ್ ಮಲಗುಜಿ ಕಲಾವಿದರಿಗೇ ಒಂದು ಹುದ್ದೆ ಸೃಷ್ಟಿಸಿದರು. ಶಾಲೆಯೊಳಗೇ ಅವರಿಗೊಂದು ಕಾರ್ಯಾಗಾರ ಇರುತ್ತದೆ. ಜೇಡಿಮಣ್ಣು, ತಂತಿ, ಬೆಳಕು ಇಟ್ಟುಕೊಂಡು ಮಕ್ಕಳ ಜೊತೆ ವಾರಗಟ್ಟಲೆ ಒಂದೇ ವಿಷಯದ ಬೆನ್ನು ಹತ್ತುವುದು ಅವರ ಕೆಲಸ. ಅಲ್ಲಿ ಆಸಕ್ತಿಗೆ ಸಂಬಳವಿದೆ, ಜಾಗವಿದೆ, ಸಮಯವಿದೆ.

ದೂರದ ಇಟಲಿಯೇಕೆ, ನಮ್ಮ ಚಾಮರಾಜಪೇಟೆಯಲ್ಲೇ ಉದಾಹರಣೆ ಇದೆ. ಅಲ್ಲಿ 1938ರಲ್ಲಿ ಮಕ್ಕಳ ಕೂಟ ಕಟ್ಟಿದ ಆರ್. ಕಲ್ಯಾಣಮ್ಮ ಬಾಲವಿಧವೆ, ಮಹಿಳೆಯರಿಗಾಗಿ ಪತ್ರಿಕೆ ನಡೆಸಿದ ಪತ್ರಕರ್ತೆ. ಕೂಟದಲ್ಲಿ ಕತೆ, ಹಾಡು, ನಾಟಕಗಳು ತುಂಬಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ, ಕಟ್ಟಿದವರ ಬದುಕೇ ಅಕ್ಷರದ ಒಡನಾಟದ್ದಾಗಿತ್ತು.

ಇಂದಿನ ಪ್ರಿಸ್ಕೂಲಿನಲ್ಲಿ ಆಸಕ್ತಿಯ ಗತಿಯೇನು? ಭರತನಾಟ್ಯ ಕಲಿತ ಮಿಸ್‌ಗೆ ಆನ್ಯುಯಲ್ ಡೇ ಡಾನ್ಸ್ ವಹಿಸುತ್ತಾರೆ. ಮೂರು ವರ್ಷದ ಮಕ್ಕಳನ್ನು ಜರತಾರಿ ಬಟ್ಟೆಯಲ್ಲಿ ಸಾಲು ನಿಲ್ಲಿಸುವುದರಲ್ಲಿ ಅವರ ಡಿಸೆಂಬರ್ ಮುಗಿಯುತ್ತದೆ. ಚಿತ್ರ ಬರೆಯಲು ಬರುವ ಮಿಸ್ ಪಾಲಿಗೆ ಬುಲೆಟಿನ್ ಬೋರ್ಡು. ಉಳಿದ ದಿನಗಳಿಗೆ, ಫ್ರಾಂಚೈಸಿ ಶಾಲೆಯಾದರೆ, ಕೇಂದ್ರ ಕಚೇರಿಯಿಂದ ವಾರವಾರದ ಪ್ಲ್ಯಾನ್ ಬಂದಿರುತ್ತದೆ. ಈ ವಾರ ಸಾರಿಗೆ, ಮುಂದಿನ ವಾರ ಚಳಿಗಾಲ. ಚಳಿಗಾಲದ ವರ್ಕ್‌ಶೀಟಿನಲ್ಲಿ ಹಿಮದ ಗೊಂಬೆ. ಆ ಪ್ಲ್ಯಾನನ್ನು ಪೂರ್ತಿ ಹಳಿಯಲಾರೆ. ತರಬೇತಿಯೇ ಇಲ್ಲದೆ ಬಂದವರಿಗೆ ಅದು ಹಿಡಿದು ನಡೆಯಲು ಒಂದು ಕೋಲು. ಆದರೆ ನಡೆಯಬಲ್ಲವರ ಕೈಗೂ ಅದನ್ನೇ ಕೊಟ್ಟು, ಕೈಯಿಂದ ಕೆಳಗಿಡಲೇಬಾರದು ಎನ್ನುವುದು ತೊಂದರೆ.

ಬೆಂಗಳೂರು ದಕ್ಷಿಣದ ಒಂದು ಸಣ್ಣ ಪ್ರಿಸ್ಕೂಲಿನಲ್ಲಿ, ಜನವರಿಯ ಒಂದು ಬೆಳಿಗ್ಗೆ, ಬೇರೆಯದೇ ಕಂಡೆ. ಮಾಗಡಿ ಕಡೆಯ ಯುವತಿಯೊಬ್ಬರು ಮನೆಯಿಂದ ಒಂದು ಚೀಲ ಅವರೆಕಾಯಿ ತಂದಿದ್ದರು. ಜಮಖಾನದ ಮೇಲೆ ಸುರಿದು, ಸುತ್ತ ಮಕ್ಕಳನ್ನು ಕೂರಿಸಿದ್ದರು. ಬೆರಳ ತುದಿಯಿಂದ ಕಾಯಿಯ ಬೆನ್ನು ಒತ್ತಿ ಬಿಡಿಸುವುದು ಮೂರು ವರ್ಷದವರಿಗೆ ಸುಲಭವಲ್ಲ. ನಾಲಿಗೆ ಹೊರಗೆ ಚಾಚಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದವು. ಒಬ್ಬ ‘ಮಿಸ್, ಹುಳ!’ ಎಂದು ಕೂಗಿದ್ದೇ ತಡ, ಎಲ್ಲವೂ ಅತ್ತ ನುಗ್ಗಿದವು. ಮಿಸ್ ಹುಳವನ್ನು ಎಸೆಯಲಿಲ್ಲ. ಸಿಪ್ಪೆಯ ಮೇಲೆ ಬಿಟ್ಟು, ಅದು ಎತ್ತ ಹೋಗುತ್ತದೆ ನೋಡಿ ಎಂದರು. ಪಕ್ಕದ ಬಟ್ಟಲಿನಲ್ಲಿ ರಾತ್ರಿ ನೆನೆಹಾಕಿದ ಕಾಳು. ಎರಡು ಬೆರಳ ನಡುವೆ ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಆಚೆ ಬೀಳುತ್ತದೆ. ಹಾಗೆ ಚಿಮ್ಮಿದ ಬೇಳೆಯನ್ನು ಹುಡುಕಿ ಎಣಿಸಿ ಬಟ್ಟಲಿಗೆ ಹಾಕುವುದರಲ್ಲೇ ಆ ಬೆಳಿಗ್ಗೆ ಕಳೆಯಿತು. ಬೆರಳಿನ ಹಿಡಿತ, ಎಣಿಕೆ, ಮಾತು, ಕುತೂಹಲ ಎಂದು ತಜ್ಞರು ಬೇರೆ ಬೇರೆಯಾಗಿ ಬರೆಯುವುದೆಲ್ಲ ಒಂದೇ ಜಮಖಾನದ ಮೇಲಿತ್ತು. ಹೊರಡುವಾಗ ಬೋರ್ಡು ನೋಡಿದೆ. ಅವರ ಫೋಟೊದ ಕೆಳಗೆ ‘ಹವ್ಯಾಸ: ಮ್ಯೂಸಿಕ್ ಕೇಳುವುದು’ ಎಂದಿತ್ತು. ಹೊಲ, ಅವರೆ, ಹುಳದ ಸುದ್ದಿಯೇ ಇಲ್ಲ. ತಮ್ಮ ಊರಿನ ಬದುಕು ಇಲ್ಲಿ ಹೇಳಿಕೊಳ್ಳುವಂಥ ಅರ್ಹತೆ ಎಂದು ಅವರಿಗೂ ಅನ್ನಿಸಿರಲಿಕ್ಕಿಲ್ಲ, ಬೋರ್ಡು ಬರೆಸಿದವರಿಗಂತೂ ಇಲ್ಲ.

ಆ ಕೋಣೆಯಲ್ಲಿ ಹದಿನೈದರೊಳಗೆ ಮಕ್ಕಳಿದ್ದರು. ಶಾಲೆಯ ಮುಖ್ಯಸ್ಥೆ ಆ ದಿನದ ಪ್ಲ್ಯಾನನ್ನು ಬದಿಗಿಡಲು ಒಪ್ಪಿದ್ದರು. ಮೂವತ್ತು ಮಕ್ಕಳಿದ್ದು, ಹನ್ನೊಂದಕ್ಕೆ ವರ್ಕ್‌ಶೀಟಿನ ಫೋಟೊ ತೆಗೆದು ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಲೇಬೇಕೆಂಬ ಕಟ್ಟಳೆ ಇದ್ದರೆ ಅದೇ ಯುವತಿ ಅವರೆಕಾಯಿ ತರುತ್ತಿರಲಿಲ್ಲ. ಇದರಲ್ಲಿ ಪೋಷಕರ ಪಾಲೂ ಇದೆ. ಮಗು ದಿನವೂ ಒಂದು ಹಾಳೆ ತುಂಬಿ ತರಬೇಕೆಂದು ಬಯಸುವವರು ನಾವೇ. ಬಟ್ಟೆಗೆ ಅವರೆ ಸೊಗಡು ಹತ್ತಿಸಿಕೊಂಡು ಬಂದರೆ ಕಲಿತದ್ದೇನು ಎಂದು ಕೇಳುತ್ತೇವೆ.

ಭಾಷೆಯ ವಿಚಾರಕ್ಕೆ ಬರೋಣ, ಯಾಕೆಂದರೆ ಈ ನಗರದಲ್ಲಿ ಶಿಕ್ಷಕಿಯ ಹಿನ್ನೆಲೆ ಎಂದರೆ ಬಹುಪಾಲು ಅದೇ. ಬೆಂಗಳೂರಿನಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ. ತೆಲುಗು, ತಮಿಳು, ಉರ್ದು, ಹಿಂದಿ ಮನೆಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತವೆ. ಹೀಗಿರುವಾಗ ಇಂಗ್ಲಿಷೇ ಎಲ್ಲರಿಗೂ ಸಮ ಎಂಬುದು ಶಾಲೆಗಳ ವಾದ. ಕೇಳಲು ಸರಿಯೆನ್ನಿಸುತ್ತದೆ. ಆದರೆ ಹೊಟ್ಟೆನೋವು ಬಂದ ಮೂರು ವರ್ಷದ ಮಗು ಇಂಗ್ಲಿಷಿನಲ್ಲಿ ಅಳುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಮನೆಮಾತಿನಲ್ಲೇ ಶುರುಮಾಡಿ ಎಂದಿವೆ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿಯೂ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆ ಮಾಧ್ಯಮ ಇರಲಿ ಎಂದಿದೆ. ಇತ್ತ, ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮ ಹೇರುವಂತಿಲ್ಲ ಎಂಬ 2014ರ ಸುಪ್ರೀಂ ಕೋರ್ಟ್ ತೀರ್ಪು ಹಾಗೇ ಇದೆ. ನೀತಿ, ತೀರ್ಪುಗಳ ಜಗ್ಗಾಟ ಏನೇ ಇರಲಿ, ಪ್ರಿಸ್ಕೂಲಿಗೆ ಮಾಧ್ಯಮಕ್ಕಿಂತ ಮುಖ್ಯವಾದದ್ದು ಮಗುವಿನ ಮಾತು ಅರ್ಥವಾಗುವ ಒಬ್ಬರಾದರೂ ದೊಡ್ಡವರು ಕೋಣೆಯಲ್ಲಿರುವುದು.

ಬಹಳಷ್ಟು ಕಡೆ ಆ ಒಬ್ಬರು ಆಯಾ. ಉತ್ತರ ಕರ್ನಾಟಕದಿಂದಲೋ ತಮಿಳುನಾಡು ಗಡಿಯಿಂದಲೋ ಬಂದು ಮೂರು ನಾಲ್ಕು ಭಾಷೆ ಬಾಯಿಗೆ ಹತ್ತಿಸಿಕೊಂಡ ಹೆಂಗಸು. ಮಗುವಿನ ಚಡ್ಡಿ ಬದಲಿಸುವವರು, ಟಿಫಿನ್ ಡಬ್ಬಿ ಬಿಚ್ಚಿ ‘ಒಂದು ತುತ್ತು ತಿನ್ನು ಬಂಗಾರ’ ಎನ್ನುವವರು, ಯಾವ ಮಗು ಎರಡು ದಿನದಿಂದ ಮಂಕಾಗಿದೆ ಎಂದು ಮೊದಲು ಗುರುತಿಸುವವರು ಅವರು. ಮಿಸ್‌ಗಳು ಬದಲಾದರೂ ಆಯಾ ಉಳಿದಿರುವ ಶಾಲೆಗಳನ್ನು ನಾನು ಬಲ್ಲೆ. ಬೋರ್ಡಿನಲ್ಲಿ ಅವರ ಫೋಟೊ ಇರುವುದಿಲ್ಲ. ಅವರ ಹಿನ್ನೆಲೆ ವಿಚಾರಿಸುವುದು ಒಂದೇ ಕಾರಣಕ್ಕೆ: 2014ರಲ್ಲಿ ನಗರದ ಶಾಲೆಗಳಲ್ಲಿ ಮಕ್ಕಳ ಸುರಕ್ಷತೆಯ ಪ್ರಶ್ನೆ ಎದ್ದು ಬೀದಿಗೆ ಬಂದ ಮೇಲೆ ಸಿಬ್ಬಂದಿಯ ಪೊಲೀಸ್ ವೆರಿಫಿಕೇಷನ್ ಬಿಗಿಯಾಯಿತು. ಆ ಪರಿಶೀಲನೆ ಆಯಾನಿಂದ ಹಿಡಿದು ಮಾಲೀಕರವರೆಗೆ ಎಲ್ಲರಿಗೂ ಆಗಬೇಕಾದದ್ದೇ. ಆದರೆ ಮಗುವಿನೊಡನೆ ಅಷ್ಟು ಹೊತ್ತು ಕಳೆಯುವವರಿಗೆ ತರಬೇತಿಯ ಒಂದು ದಿನವೂ ಸಿಗದಿದ್ದರೆ ಬರೀ ಪರಿಶೀಲನೆಯಿಂದ ಪ್ರಯೋಜನ ಅರ್ಧವೇ.

ಈ ನಗರದ ಇನ್ನೊಂದು ಪ್ರಿಸ್ಕೂಲ್ ಅಂಗನವಾಡಿ. ಮಧ್ಯಮವರ್ಗದ ಚರ್ಚೆಯಲ್ಲಿ ಅದರ ಹೆಸರೇ ಬರುವುದಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ, ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ಕಾರ್ಯಕರ್ತೆ ಅದೇ ಊರಿನವಳು, ಅದೇ ಬೀದಿಯವಳು ಆಗಿರಬೇಕೆಂಬುದು ಮೊದಲಿನಿಂದಲೂ ಇರುವ ಷರತ್ತು. ಮಗುವಿನ ಮನೆ ಗೊತ್ತು, ಭಾಷೆ ಗೊತ್ತು, ಅಜ್ಜಿಯ ಹೆಸರೂ ಗೊತ್ತು. ಪೆರ‍್ರಿ ಪ್ರಿಸ್ಕೂಲಿನವರು ಮನೆಮನೆಗೆ ಹೋಗಿ ಗಳಿಸಿಕೊಂಡದ್ದು ಇವರಿಗೆ ಹುಟ್ಟಿನಿಂದಲೇ ಬಂದಿದೆ. ಹಿಂದೆ ಎಸ್ಸೆಸ್ಸೆಲ್ಸಿ ಸಾಕಿತ್ತು, ಈಗ ಪಿಯುಸಿ ಬೇಕು. ಡಿಗ್ರಿ ಆದವರೂ ಬೇಕಷ್ಟು ಇದ್ದಾರೆ. ಆದರೂ ನಮ್ಮ ಕಣ್ಣಿಗೆ ಅವರು ‘ಅಂಗನವಾಡಿಯವರು’, ತರಬೇತಿಯಿಲ್ಲದೆ ಇಂಗ್ಲಿಷ್ ಮಾತಾಡುವವರು ‘ಟೀಚರ್’.

ಅಂಗನವಾಡಿಯ ಕೊರತೆ ಶಿಕ್ಷಕಿಯ ಹಿನ್ನೆಲೆಯಲ್ಲಿ ಇಲ್ಲ, ಅವಳ ಗಡಿಯಾರದಲ್ಲಿದೆ. ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ಮೊಟ್ಟೆಯ ಲೆಕ್ಕ. ಆಮೇಲೆ ತೂಕ, ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪಿಗೆ ತುಂಬಬೇಕು. ಗರ್ಭಿಣಿಯರು, ಬಾಣಂತಿಯರು, ಲಸಿಕೆ, ಸಮೀಕ್ಷೆ, ಚುನಾವಣೆ ಬಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೆಲಸ. ದಿನಕ್ಕೆ ಕನಿಷ್ಠ ಎರಡು ಗಂಟೆ ಗುಣಮಟ್ಟದ ಶಾಲಾಪೂರ್ವ ಶಿಕ್ಷಣ ಕೊಡಬೇಕೆಂದು ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ‘ಪೋಷಣ್ ಭಿ ಪಢಾಯಿ ಭಿ’ ಕಾರ್ಯಕ್ರಮ ಶುರುಮಾಡಿತು. ಆ ಎರಡು ಗಂಟೆಯನ್ನು ಎಲ್ಲಿಂದ ತರುವುದು ಎಂಬುದಕ್ಕೆ ಉತ್ತರ ಪಕ್ಕದ ತಮಿಳುನಾಡಿನಲ್ಲಿದೆ. ಅಲ್ಲಿನ 320 ಅಂಗನವಾಡಿಗಳನ್ನು ಆರಿಸಿಕೊಂಡು ನಡೆಸಿದ ಪ್ರಯೋಗವೊಂದರಲ್ಲಿ ಅರ್ಧ ಕೇಂದ್ರಗಳಿಗೆ ಮಕ್ಕಳ ಕಲಿಕೆಗೆಂದೇ ಅರ್ಧ ದಿನದ ಹೆಚ್ಚುವರಿ ಕೆಲಸಗಾರ್ತಿಯನ್ನು ಕೊಟ್ಟರು. ಕಲಿಕೆಯ ಸಮಯ ದುಪ್ಪಟ್ಟಾಯಿತು, ಒಂದೂವರೆ ವರ್ಷದಲ್ಲಿ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಗಮನಾರ್ಹವಾಗಿ ಮುಂದೆ ಬಂದರು, ಕುಂಠಿತ ಬೆಳವಣಿಗೆಯೂ ಇಳಿಯಿತು. ಮೊದಲಿನ ಕಾರ್ಯಕರ್ತೆಯ ಓದು ಇದ್ದಷ್ಟೇ ಇತ್ತು. ಬದಲಾದದ್ದು ಕೆಲಸಕ್ಕೆ ಒದಗಿದ ಕೈಗಳ ಲೆಕ್ಕ.

ಕರ್ನಾಟಕ ಹಿಡಿದ ದಾರಿ ಬೇರೆ. 2024ರಲ್ಲಿ ಶಿಕ್ಷಣ ಇಲಾಖೆ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ, ಮೂರು ದಾಟಿದ ಮಕ್ಕಳೆಲ್ಲ ಅತ್ತ ಹೋದರೆ ತಮಗೆ ಉಳಿಯುವುದೇನು ಎಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅದೇ ವರ್ಷದ ಜುಲೈನಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಬೆಂಗಳೂರಿನ 250 ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಎಂದು ಮೇಲ್ದರ್ಜೆಗೇರಿಸಿತು. ಕಾರ್ಯಕರ್ತೆಯನ್ನು ಬದಿಗೊತ್ತದೆ, ಅವಳಿಗೇ ತರಬೇತಿ ಕೊಟ್ಟು ಶಿಕ್ಷಕಿಯಾಗಿಸುವ ಆಲೋಚನೆ ಒಳ್ಳೆಯದೇ. ರಾಷ್ಟ್ರೀಯ ಶಿಕ್ಷಣ ನೀತಿಯೂ ಪಿಯುಸಿ ಆದವರಿಗೆ ಆರು ತಿಂಗಳ ಸರ್ಟಿಫಿಕೇಟು, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡಿಸಿ ಎಂದಿದೆ. ಆದರೆ ಬೋರ್ಡು ಬದಲಾದ ಕೇಂದ್ರದಲ್ಲೂ ಆ್ಯಪು, ಮೊಟ್ಟೆ, ಸಮೀಕ್ಷೆಗಳು ಅವಳ ತಲೆಯ ಮೇಲೇ ಇದ್ದರೆ ಮಾಂಟೆಸ್ಸರಿ ಸಲಕರಣೆ ಕಪಾಟಿನಲ್ಲಿ ಉಳಿಯುತ್ತದೆ. ಅವಳಿಗೆ ಸಿಗುವುದಕ್ಕೆ ಇಂದಿಗೂ ಗೌರವಧನ ಎಂದೇ ಹೆಸರು. ಅದರಲ್ಲಿ ಕೇಂದ್ರದ ಯೋಜನೆಯ ಮೊತ್ತ 2018ರಲ್ಲಿ 4,500 ರೂಪಾಯಿಗೆ ಏರಿದ್ದು, ಮಿಕ್ಕಿದ್ದನ್ನು ರಾಜ್ಯ ಸೇರಿಸುತ್ತದೆ. ಅವಳಿಗೂ ಗ್ರಾಚುಟಿ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2022ರ ಏಪ್ರಿಲಿನಲ್ಲಿ.

ಥೋರಟ್ ಆಯೋಗ ಈಗ ಎರಡು ವರ್ಷದ ಪೂರ್ವ ಪ್ರಾಥಮಿಕವನ್ನು ಶಾಲಾ ರಚನೆಯೊಳಗೇ ಸೇರಿಸಿ, 2+8+4 (ಪೂರ್ವ ಪ್ರಾಥಮಿಕ ಎರಡು, ಪ್ರಾಥಮಿಕ ಎಂಟು, ಪ್ರೌಢ ನಾಲ್ಕು ವರ್ಷ) ಎಂಬ ವಿನ್ಯಾಸ ಸೂಚಿಸಿದೆ. ಇದು ಜಾರಿಯಾದರೆ ಖಾಸಗಿ ಪ್ರಿಸ್ಕೂಲುಗಳೂ ಅಂಗನವಾಡಿಗಳೂ ಒಂದೇ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ: ಆ ಎರಡು ವರ್ಷದ ಶಿಕ್ಷಕಿ ಯಾವ ಇಲಾಖೆಯವಳು, ಯಾವ ವೇತನ ಶ್ರೇಣಿಯವಳು, ಅವಳ ಕೋಣೆಯಲ್ಲಿ ಎಷ್ಟು ಮಕ್ಕಳು? ಅಲ್ಲಿಯವರೆಗೆ ಈ ನವೆಂಬರಿನಲ್ಲಿ ಪ್ರಿಸ್ಕೂಲ್ ಹುಡುಕಲು ಹೊರಡುವವರು ಬೋರ್ಡು ಓದಿದ ಮೇಲೆ ಇನ್ನೆರಡು ವಿಚಾರ ಕೇಳಿ ನೋಡಬಹುದು. ಕಳೆದ ವರ್ಷ ಇದೇ ಕ್ಲಾಸಿಗೆ ಯಾವ ಮಿಸ್ ಇದ್ದರು, ಈಗ ಎಲ್ಲಿದ್ದಾರೆ? ಆಯಾ ಅವರ ಹೆಸರೇನು?